ಕಮಲಾಪುರದ ಓಣಿಯಲ್ಲಿ ಸದ್ದಿಲ್ಲದ ಶೀರ್ಷಿಕೆ ಗೀತೆ

ಮೊನ್ನೆ ತಂಗಿಯ ಮಗಳು ಪೂಜಾ ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ ಕಾಲು ಚಾಚಿ ಕೂತು ಮೊಬೈಲಿನಲ್ಲಿ ಸೀರಿಯಲ್ ನೋಡುತ್ತಿದ್ದಳು. ಶೀರ್ಷಿಕೆ ಗೀತೆ ಶುರುವಾಯಿತು ಅನ್ನುವಷ್ಟರಲ್ಲಿ ಪರದೆಯ ಮೂಲೆಯಲ್ಲಿದ್ದ ಒಂದು ಗುಂಡಿ ಒತ್ತಿದಳು. ಹಾಡು ಹೋಯಿತು, ಹೆಸರುಗಳು ಹೋದವು, ಕಥೆ ನೇರವಾಗಿ ಅತ್ತೆ ಸೊಸೆಯನ್ನು ಬೈಯುವ ಜಾಗಕ್ಕೇ ಹೋಗಿ ನಿಂತಿತು.

“ಅಯ್ಯ, ಹಾಡ ಯಾಕ ತಗದಿ?” ಎಂದೆ.

“ಅದನ್ಯಾರು ಕೇಳ್ತಾರ ದೊಡ್ಡವ್ವ? ದಿನಾ ಅದೇ ಇರ್ತದಲ್ಲ” ಎಂದಳು.

ದಿನಾ ಅದೇ ಇರುತ್ತದೆ ಎಂದೇ ಅಲ್ಲವೇ ನಾವು ಕೇಳುತ್ತಿದ್ದದ್ದು! ನನಗೆ ಸಿಟ್ಟು ಬಂತು. ಇಷ್ಟು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವಳು ನಾನು, ಸಿಟ್ಟು ನನಗೆ ಬೇಗ ಬರುತ್ತದೆ. ನಾವು ಚಿಕ್ಕವರಿದ್ದಾಗ ಓಣಿಗೆಲ್ಲ ಒಂದು ಟಿವಿ, ವಾರಕ್ಕೊಂದು ಸೀರಿಯಲ್. ಅದರ ಹಾಡು ಎರಡು ನಿಮಿಷ ಆದರೂ ಮುಗಿಯುತ್ತಿರಲಿಲ್ಲ. ವೀಣೆ ನುಡಿಯುತ್ತಿತ್ತು, ಸೂರ್ಯ ಏಳುತ್ತಿದ್ದ, ಒಬ್ಬಾಕೆ ದೀಪ ಹಚ್ಚುತ್ತಿದ್ದಳು, ಹೆಸರುಗಳು ನಿಧಾನಕ್ಕೆ ಬಂದು ನಿಂತು ಹೋಗುತ್ತಿದ್ದವು. ಆಮೇಲೆ ದಿನಾ ಬರುವ ಸೀರಿಯಲ್ಲುಗಳ ಕಾಲ. ದೊಡ್ಡ ಮನೆಯ ಗೇಟು ತೆರೆಯುವುದು, ಮನೆಮಂದಿಯೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲುವುದು, ಹಿಂದಿನಿಂದ ಯಾರೋ ಕರೆದಂತೆ ಒಬ್ಬೊಬ್ಬರೇ ತಿರುಗಿ ನೋಡುವುದು. ಹಾಡಿನ ಧಾಟಿ ಕೇಳಿದರೆ ಸಾಕು, ಈ ಹುಡುಗಿಗೆ ಮದುವೆಯಾಗಿದೆಯೋ ಇಲ್ಲವೋ ಎಂದು ಹೇಳಿಬಿಡಬಹುದಿತ್ತು. ಈಗಂತೂ ಹತ್ತು ಸೆಕೆಂಡು ಡಬಡಬ ಬಾರಿಸಿ, ಹೆಸರನ್ನು ಪರದೆಯ ಮೇಲೆ ಬಡಿದು ಮುಗಿಸುತ್ತಾರೆ. ಆ ಹತ್ತು ಸೆಕೆಂಡನ್ನೂ ತಡೆಯುವ ಪುರುಸೊತ್ತು ಈ ಹುಡುಗಿಗಿಲ್ಲ.

ಪೂಜಾಗೆ ಇಷ್ಟು ಹೇಳಿದೆ. ಹೇಳದೆ ಉಳಿಸಿಕೊಂಡದ್ದು ಕಮಲಾಪುರದ ಆ ಒಂದು ವರ್ಷದ ಮಾತು. ಇಪ್ಪತ್ತಕ್ಕೂ ಹೆಚ್ಚು ವರ್ಷವಾಯಿತು, ಅದನ್ನು ನಾನು ಯಾರಿಗೂ ಹೇಳಿಲ್ಲ.

ನೌಕರಿಯ ಮೊದಲ ವರ್ಷ ಅದು. ಜೂನಿನಲ್ಲಿ ನನ್ನನ್ನು ಕಮಲಾಪುರದ ಶಾಲೆಗೆ ಹಾಕಿದರು. ನಮ್ಮ ಮನೆ ಆಗ ಕಲಬುರಗಿಯ ಗಾಜಿಪುರದಲ್ಲಿತ್ತು, ಅಲ್ಲಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ದಿನಾ ಹೋಗಿ ಬರಬಹುದಿತ್ತು. ಆದರೆ ಮಳೆ ಹಿಡಿದ ಮೊದಲ ವಾರದಲ್ಲೇ ಬಸ್ಸು ಎರಡು ಸಲ ಕೈಕೊಟ್ಟಿತು, ಹೆಡ್ ಮಾಸ್ತರರು ಹಾಜರಿ ಪುಸ್ತಕ ಮುಂದಿಟ್ಟುಕೊಂಡು ನನ್ನ ಮುಖವನ್ನೇ ನೋಡಿದರು. ಅಲ್ಲೇ ಬಾಡಿಗೆಗೆ ಒಂದು ಖೋಲಿ ಹಿಡಿದೆ. ಖೋಲಿ ಹಿಡಿದ ದಿನವೇ ಕಲಬುರಗಿಗೆ ವರ್ಗಾವಣೆ ಬೇಡಿ ಅರ್ಜಿಯನ್ನೂ ಬರೆದು ಹಾಕಿದೆ. ಹೊಸಬರೆಲ್ಲ ಹಾಕುತ್ತಿದ್ದರು, ನಾನೂ ಹಾಕಿ ಮರೆತೆ.

ಖೋಲಿ ಇದ್ದದ್ದು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಮನೆಯ ಯಜಮಾನಿಯನ್ನು ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅರವತ್ತು ದಾಟಿದ ಗಟ್ಟಿ ಹೆಂಗಸು. ಮಗ ಟೆಂಪೋದಲ್ಲಿ ಊರಿನ ಕೆಂಪು ಬಾಳೆಹಣ್ಣು ತುಂಬಿಕೊಂಡು ಬೆಳಗಾಗುವುದರೊಳಗೆ ಕಲಬುರಗಿಯ ಮಾರ್ಕೆಟ್ಟಿಗೆ ಹೋಗುತ್ತಿದ್ದ. ಮನೆಯಲ್ಲಿ ಉಳಿಯುತ್ತಿದ್ದವರು ಖಾಲಾ ಮತ್ತು ಆಕೆಯ ಸೊಸೆ ನಸ್ರೀನ್. ನಸ್ರೀನಳಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಮೊದಲ ದಿನವೇ ನನ್ನನ್ನು ಆಪಾ ಎಂದು ಕರೆದಳು. ಸ್ವಂತ ತಂಗಿ ಅಕ್ಕ ಎಂದಾಗಲೂ ನನಗೆ ಅಷ್ಟು ಹಿತವಾಗಿರಲಿಲ್ಲ ಎಂದರೆ ಪೂಜಾಳ ತಾಯಿ ಬೇಜಾರು ಮಾಡಿಕೊಂಡಾಳು. ಆದರೆ ಅದು ನಿಜ.

ಸಂಜೆ ಆರೂವರೆಗೆ ಸೀರಿಯಲ್. ಓಣಿಯ ಹೆಂಗಸರು ಒಲೆ ಸಣ್ಣಗೆ ಮಾಡಿ ಬಂದು ಖಾಲಾನ ಪಡಸಾಲೆಯ ಪರಸಿ ಕಲ್ಲಿನ ಮೇಲೆ ಕೂರುತ್ತಿದ್ದರು. ಎದುರು ಮನೆಯ ಶರಣಮ್ಮ ಎಲ್ಲರಿಗಿಂತ ಮೊದಲು ಬಂದು ಗೋಡೆಯ ಜಾಗ ಹಿಡಿಯುತ್ತಿದ್ದಳು. ಕಥೆ ಯಾವ ಕಡೆಗಾದರೂ ಹೋಗಲಿ, ಶರಣಮ್ಮನಿಗೆ ಹಾಡು ಮುಖ್ಯ. ಕಣ್ಣು ಮುಚ್ಚಿ, ತೊಡೆ ತಟ್ಟಿ, ಕೊಳಲಿನ ಭಾಗವನ್ನೂ ಬಾಯಿಂದಲೇ ಹಾಡುತ್ತಿದ್ದಳು. “ಟೀಚರಮ್ಮ, ಈ ಹಾಡ ಹಾಡದಾಕಿ ಒಂದ ದಿನ ಸಿಗಲಿ, ಆಕಿಗಿ ಬಂಗಾರದಂಥಾ ಗಂಟಲ ಅದ ನೋಡ್ರಿ” ಎನ್ನುತ್ತಿದ್ದಳು.

ನಸ್ರೀನ್ ಮಾತ್ರ ಹಾಡು ಕೇಳುತ್ತಿರಲಿಲ್ಲ. ಹೆಸರುಗಳನ್ನು ನೋಡುತ್ತಿದ್ದಳು. ಉರ್ದು ಶಾಲೆಯಲ್ಲಿ ನಾಲ್ಕನೆಯ ತನಕ ಓದಿದ್ದಳು, ಉರ್ದು ಚೆನ್ನಾಗಿ ಬರುತ್ತಿತ್ತು. ಕನ್ನಡ ಮಾತಾಡುತ್ತಿದ್ದಳು, ಅಕ್ಷರ ಗೊತ್ತಿರಲಿಲ್ಲ.

“ಆಪಾ, ಈಗ ಹೋತಲ್ಲ, ಅದರಾಗ ಏನಿತ್ತು?”

“ಕೇಶಾಲಂಕಾರ ಅಂತಿತ್ತು. ಅವರ ಕೂದಲ ಹೆಣೆದು ತುರುಬ ಕಟ್ಟತಾರಲ್ಲ, ಅವರ ಹೆಸರು.”

“ಕೂದಲ ಹೆಣಿಯಾಕಿ ಹೆಸರೂ ಹಾಕ್ತಾರ?” ಕಣ್ಣರಳಿಸಿದಳು. “ಅಲ್ಲಾ! ನಮ್ಮ ಓಣ್ಯಾಗ ನನ್ನ ಹೆಸರೇ ಯಾರಿಗೂ ಗೊತ್ತಿಲ್ಲ ನೋಡ್ರಿ. ಖಾಲಾನ ಸೊಸಿ ಅಂತಾರ, ಟೆಂಪೋದವನ ಹೇಂತಿ ಅಂತಾರ.”

ಆಕೆಗೆ ಒಂದು ಆಸೆಯಿತ್ತು. ಓಣಿಯ ತುದಿಯ ಅಂಗನವಾಡಿಗೆ ಸಹಾಯಕಿ ಬೇಕಾಗಿದ್ದಳು. ಓಣಿಯವಳೇ ಆಗಬೇಕು, ಕನ್ನಡ ಓದಲು ಬರಬೇಕು, ಯುಗಾದಿ ಆದ ಮೇಲೆ ಮೇಡಂ ಒಬ್ಬರು ಬಂದು ಎದುರಿಗೆ ಕೂರಿಸಿಕೊಂಡು ಓದಿಸಿ ನೋಡುತ್ತಾರೆ ಎಂದು ಸುದ್ದಿಯಿತ್ತು. “ಅಲ್ಲಿ ರಜಿಸ್ಟರ್‌ನ್ಯಾಗ ದಿನಾ ನನ್ನ ಹೆಸರಿಗಿ ಸಹಿ ಇರ್ತದ ಆಪಾ. ನಸ್ರೀನ್ ಅಂತ ಬರದಿರ್ತಾರ” ಎಂದಳು. ಖಾಲಾನನ್ನು ಕೇಳಿದೆ. ಖಾಲಾ ಎಲೆಗೆ ಸುಣ್ಣ ಹಚ್ಚುತ್ತ, “ಓಣಿ ದಾಟಿ ಹೋಗೂದಿಲ್ಲಲ್ಲ ಬೇಟಿ, ಹೋಗಲಿ. ಖರೆ ಹೇಳಿದ್ರ ನನಗೂ ಈಕಿ ಮಾರಿ ಹಗಲೆಲ್ಲ ನೋಡಿ ನೋಡಿ ಸಾಕಾಗ್ಯಾದ” ಎಂದಳು. ನಸ್ರೀನ್ ಬಾಯಿಗೆ ಸೆರಗು ಹಿಡಿದು ನಕ್ಕಳು.

ಹೀಗೆ ಶುರುವಾಯಿತು ನಮ್ಮ ಪಾಠ. ದಿನವೆಲ್ಲ ಆಕೆಗೆ ಕೆಲಸ, ನನಗೆ ಶಾಲೆ. ಇಬ್ಬರಿಗೂ ಒಟ್ಟಿಗೆ ಸಿಗುತ್ತಿದ್ದದ್ದು ಆರೂವರೆ. ಶೀರ್ಷಿಕೆ ದಿನಾ ಅದೇ ಇರುತ್ತದೆ, ಅದೇ ಶಬ್ದಗಳು, ಅದೇ ದಪ್ಪ ಅಕ್ಷರ. ಇದಕ್ಕಿಂತ ಒಳ್ಳೆಯ ಪಾಟಿ ಎಲ್ಲಿ ಸಿಗುತ್ತದೆ ಎಂದುಕೊಂಡೆ. ನಾನು ಓದುವುದು, ಆಕೆ ನನ್ನ ಹಿಂದೆ ಹೇಳುವುದು. ನಿರ್ಮಾಣ, ಸಂಗೀತ, ಸಂಕಲನ. ದಸರೆಯ ಹೊತ್ತಿಗೆ ಆಕೆ ನನಗಿಂತ ಮೊದಲು ಹೇಳತೊಡಗಿದಳು. ‘ಛಾಯಾಗ್ರಹಣ’ ಎಂದು ಆಕೆ ಸ್ಪಷ್ಟವಾಗಿ ಹೇಳಿದ ದಿನ ಪಡಸಾಲೆಯ ಹೆಂಗಸರೆಲ್ಲ ಟಿವಿ ಬಿಟ್ಟು ಆಕೆಯನ್ನೇ ನೋಡಿದರು. ಶರಣಮ್ಮ ಹಾಡು ನಿಲ್ಲಿಸಿ, “ದಿನಾ ಸಂಜೀಕಿ ಗ್ರಹಣ ಹಿಡೀತದಂತೇನವ್ವ ಇದರಾಗ?” ಎಂದಳು. ನಕ್ಕು ನಕ್ಕು ನಮಗೆ ಹೊಟ್ಟೆನೋವು ಬಂತು.

ಏನು ಖುಷಿಯ ದಿನಗಳವು! ತೊಗರಿ ಬಲಿಯುವ ಕಾಲಕ್ಕೆ ಯಾರ ಮನೆಯಿಂದಲೋ ಹಸಿ ತೊಗರಿಕಾಯಿ ಬರುತ್ತಿತ್ತು. ಖಾಲಾ ಉಪ್ಪು ಹಾಕಿ ಕುದಿಸುತ್ತಿದ್ದಳು. ಕಾಯಿ ಸುಲಿಯುತ್ತ, ನಸ್ರೀನಳ ಭುಜಕ್ಕೆ ಭುಜ ತಾಗಿಸಿ ಕೂತು ಶೀರ್ಷಿಕೆ ಓದುವುದು. ಹೊರಗೆ ಚಳಿ, ಒಳಗೆ ಅಷ್ಟು ಮಂದಿಯ ಉಸಿರಿನ ಬಿಸಿ. ಶನಿವಾರ ಗಾಜಿಪುರಕ್ಕೆ ಹೋಗಬೇಕಾದಾಗಲೂ ಆರೂವರೆ ಮುಗಿಸಿಕೊಂಡೇ ಬಸ್ಸು ಹತ್ತುತ್ತಿದ್ದೆ. ಆ ಪಡಸಾಲೆಯಷ್ಟು ನನ್ನದು ಅನ್ನಿಸಿದ ಜಾಗ ಆಮೇಲೆ ನನಗೆ ಎಲ್ಲೂ ಸಿಗಲಿಲ್ಲ. ಈ ಖೂಬಾ ಪ್ಲಾಟಿನ ಮನೆಯನ್ನು ನಾನೇ ನಿಂತು ಕಟ್ಟಿಸಿದ್ದರೂ ಇಲ್ಲಿ ಸಂಜೆಯಾದರೆ ಅದೇ ನೆನಪು.

ಫೆಬ್ರುವರಿಯ ಒಂದು ಸಂಜೆ ಸೀರಿಯಲ್ಲಿನ ಹಾಡು ಬದಲಾಯಿತು. ಕಥೆಯಲ್ಲಿ ಹುಡುಗಿಗೆ ಎರಡನೆಯ ಮದುವೆಯಾಗಿತ್ತು, ಅದಕ್ಕೆ ಹೊಸ ಹಾಡು, ಹೊಸ ಚಿತ್ರಗಳು. ಶಬ್ದಗಳು ಅವೇ, ಹಿಂದೆ ಮುಂದೆ ಆಗಿ ಬಂದಿದ್ದವು. ಪರದೆಯ ಮೇಲೆ ‘ಸಂಕಲನ’ ಬಂತು. ನಸ್ರೀನ್ ಜೋರಾಗಿ, “ನಿರ್ಮಾಣ” ಎಂದಳು. ‘ಕಥೆ’ ಎಂದು ಬಂತು. “ಸಂಗೀತ” ಎಂದಳು, ಅರ್ಧಕ್ಕೇ ನಿಲ್ಲಿಸಿದಳು. ಆಮೇಲೆ ಬಂದ ಒಂದಕ್ಕೂ ಬಾಯಿ ತೆರೆಯಲಿಲ್ಲ. ಹಾಡು ಮುಗಿಯಿತು. ನನ್ನ ಕಡೆ ತಿರುಗಿ, “ಆಪಾ, ಇವೇನು ಬ್ಯಾರೆ ಅವ?” ಎಂದಳು.

ಆಗ ನನಗೆ ತಿಳಿಯಿತು. ಇಷ್ಟು ತಿಂಗಳು ಆಕೆ ಅಕ್ಷರ ಓದಿರಲೇ ಇಲ್ಲ. ಕೊಳಲು ಬಂದರೆ ನಿರ್ಮಾಣ, ತಬಲಾ ಹೊರಳಿದರೆ ಛಾಯಾಗ್ರಹಣ, ಹಾಗೆ ಹಾಡನ್ನೂ ಶಬ್ದಗಳು ಬರುವ ಸರದಿಯನ್ನೂ ಹಿಡಿದುಕೊಂಡು ಹೇಳಿದ್ದಳು. ಆಕೆ ಮೋಸ ಮಾಡಿರಲಿಲ್ಲ, ಶಬ್ದದ ಆಕಾರ ನೋಡಿಯೇ ಹೇಳುತ್ತಿದ್ದೇನೆ ಎಂದುಕೊಂಡಿದ್ದಳು. ತಪ್ಪು ನನ್ನದು. ಪಾಠವನ್ನು ಬಾಯಿಪಾಠ ಮಾಡಿ ಓದಿದಂತೆ ಆಡುವ ಮಕ್ಕಳನ್ನು ಹಿಡಿಯುವುದರಲ್ಲಿ ಶಾಲೆಯಲ್ಲಿ ನನ್ನ ಹೆಸರಿತ್ತು. ಸಾಲಿನ ನಡುವೆ ಬೆರಳಿಟ್ಟು ಇದೇನು ಎಂದು ಕೇಳಿದರೆ ಮುಗಿಯಿತು. ಆ ಬೆರಳನ್ನು ನಸ್ರೀನಳ ಮುಂದೆ ಒಂದು ದಿನವೂ ಇಡಲಿಲ್ಲ. ಆಕೆ ಹೇಳುವುದನ್ನು ಕೇಳುವುದೇ ನನಗೆ ಅಷ್ಟು ಚೆಂದವಾಗಿತ್ತು.

ಅದನ್ನು ಆಕೆಗೆ ಹೇಳಿದಾಗ ನಸ್ರೀನ್ ಅಳಲಿಲ್ಲ. “ಆ ಮೇಡಂ ಬರೂ ಇಮ್ತಿಹಾನಿಗಿ ಇನ್ನ ಎಷ್ಟ ದಿನ ಅದ?” ಎಂದಳು.

“ಎರಡು ತಿಂಗಳು.”

“ಹಂಗಾರ ಹಾಡ ಬಂದ್ ಮಾಡ್ರಿ. ಹಾಡ ಕೇಳಿದ್ರ ಮತ್ತ ಅದೇ ಬಾಯಿಗಿ ಬರ್ತದ.”

ಮರುದಿನ ಆರೂವರೆಗೆ ನಾನೇ ರಿಮೋಟು ಹಿಡಿದು ಆವಾಜು ಬಂದ್ ಮಾಡಿದೆ. ಪಡಸಾಲೆಯಲ್ಲಿ ಗದ್ದಲವೆದ್ದಿತು. ಎಲ್ಲರಿಗಿಂತ ಜೋರು ಶರಣಮ್ಮನದು. “ಯವ್ವಾ, ಇದೆಂಥಾ ಅನ್ಯಾಯ! ಹೊಸಾ ಹಾಡ ನಿನ್ನೆರೆ ಬಂದದ, ಇನ್ನ ಒಂದ ಸಾಲೂ ಬಾಯಿಗಿ ಕುಂತಿಲ್ಲ. ಹಾಡ ಇಲ್ದ ಸೀರಿಯಲ್ ಅಂದ್ರ ಉಪ್ಪಿಲ್ದ ಬ್ಯಾಳಿ ಉಂಡಂಗ. ನಾ ಏಳ್ತೀನಿ ನೋಡ್ರಿ” ಎಂದು ಎದ್ದೇಬಿಟ್ಟಳು.

ಖಾಲಾ ಗೋಡೆಗೆ ಒರಗಿ ಕೂತಿದ್ದವಳು ಎಲೆಯಡಿಕೆಯ ಡಬ್ಬಿ ಮುಚ್ಚಿದಳು. “ಕುಂದ್ರು ಶರಣಮ್ಮ. ನಿನ್ನ ಮಗಳಿಗಿ ಮೈಯಾಗ ಆರಾಮ ಇರಲಿಲ್ಲಂದಾಗ ಈಕಿ ಮೂರ ರಾತ್ರಿ ಕುಂತಾಳ. ಈಕಿ ಸಲುವಾಗಿ ಒಂದೀಟ ಬಾಯಿ ಮುಚ್ಚಿಕೊಂಡ ಕುಂದ್ರಾಕ ಆಗಲ್ಲೇನು?” ಎಂದಳು. ಶರಣಮ್ಮ ಕೂತಳು.

ಅಂದಿನಿಂದ ಆ ಓಣಿಯಲ್ಲಿ ಶೀರ್ಷಿಕೆಯ ಹೊತ್ತು ಟಿವಿಗೆ ಸದ್ದಿರಲಿಲ್ಲ. ಹತ್ತು ಹನ್ನೆರಡು ಹೆಂಗಸರು ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಪರದೆಯ ಮೇಲೆ ಯಾರೋ ನೀರಿಗೆ ಹೂ ಬಿಡುತ್ತಿದ್ದರು, ಸೆರಗು ಹಾರುತ್ತಿತ್ತು, ಫ್ಯಾನಿನ ಕಿರಕಿರ ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ನಸ್ರೀನ್ ಒಂದೊಂದೇ ಅಕ್ಷರ ಹಿಡಿಯುವುದರೊಳಗೆ ಶಬ್ದ ಮಾಯವಾಗಿರುತ್ತಿತ್ತು. ದಿನಕ್ಕೆ ಒಂದೆರಡು ಅಕ್ಷರ ಸಿಕ್ಕರೆ ಹೆಚ್ಚು. ಸಿಕ್ಕದ್ದನ್ನು ಆಮೇಲೆ ಪಾಟಿಯ ಮೇಲೆ ಬರೆದು, ಅಕ್ಷರಗಳನ್ನು ಬಿಡಿಸಿ ಕೂಡಿಸಿ ಕೇಳುತ್ತಿದ್ದೆ. ಈಗ ಬೆರಳಿಟ್ಟೇ ಕೇಳುತ್ತಿದ್ದೆ. ಒಂದು ವಾರ ಕಳೆದ ಮೇಲೆ ಒಂದು ಸಂಜೆ ಆಕೆ ತುಟಿ ಕಚ್ಚಿಕೊಂಡು ನೋಡಿದಳು, “ಕ... ಥೆ. ಕಥೆ” ಎಂದಳು. ನನ್ನ ಕಡೆ ತಿರುಗಿ, “ಕಹಾನಿ ಅಂದಂಗ ಹೌದಲ್ಲ ಆಪಾ?” ಎಂದಳು. ನಾನು ಹೂಂ ಎನ್ನುವ ಮೊದಲೇ ಶರಣಮ್ಮ ಆಕೆಯ ತಲೆ ಹಿಡಿದು ನೆಟಿಗೆ ಮುರಿದಳು. ನನಗೆ ಅಳು ತಡೆಯಲಾಗಲಿಲ್ಲ.

ಮುಂದಿನ ವಾರ ನನ್ನ ವರ್ಗಾವಣೆಯ ಆರ್ಡರ್ ಬಂತು. ಜೂನಿನಲ್ಲಿ ಬರೆದು ಮರೆತಿದ್ದ ಅರ್ಜಿ. ಗಾಜಿಪುರದ ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರದ ಶಾಲೆ. ಹೆಡ್ ಮಾಸ್ತರರು ಕಾಗದ ಕೈಯಲ್ಲಿ ಹಿಡಿದು, “ನೋಡ್ರಿ ಟೀಚರ್, ಇಲ್ಲಿ ಮಂದಿ ಕಡಿಮಿ ಅದಾರ. ನೀವು ಹೂಂ ಅಂದ್ರ ಏಪ್ರಿಲ್ ಮುಗಿಯೋತನಕ ನಿಮ್ಮನ್ನ ಬಿಡಾಂಗಿಲ್ಲ ಅಂತ ಬರೀತೀನಿ. ಯಾರೂ ಏನೂ ಕೇಳಾಂಗಿಲ್ಲ” ಎಂದರು.

ನಾನು, “ಬ್ಯಾಡ್ರಿ ಸರ್, ಬಿಡ್ರಿ. ಹೋಗ್ತೀನಿ” ಎಂದೆ.

ಅವ್ವನಿಗೆ ಹುಷಾರಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅವ್ವ ಗಟ್ಟಿಮುಟ್ಟಾಗಿದ್ದಳು. ಬಿಸಿಲು ಏರುತ್ತಿತ್ತು, ಖೋಲಿಯ ತಗಡು ಹಗಲೆಲ್ಲ ಕಾದು ಸಂಜೆಯಾದರೂ ಆರುತ್ತಿರಲಿಲ್ಲ, ನೀರು ಎರಡು ದಿನಕ್ಕೊಮ್ಮೆ ಬರುತ್ತಿತ್ತು. ಸಿಕ್ಕ ಊರನ್ನು ಕೈಬಿಟ್ಟರೆ ಮತ್ತೆ ಯಾವಾಗ ಸಿಕ್ಕೀತೋ ಎಂದು ಹೆದರಿದೆ. ನಸ್ರೀನಳ ಪರೀಕ್ಷೆ ನೆನಪಿತ್ತು. ನೆನಪಿದ್ದೂ ಹಾಗೆ ಅಂದೆ.

ಮನೆಗೆ ಬಂದು, “ಸರ್ಕಾರದ ಆರ್ಡರ್, ಏನ್ ಮಾಡ್ಲಿಕ್ಕಾಗ್ತದ” ಎಂದೆ. ಖಾಲಾ ಸರ್ಕಾರಕ್ಕೆ ಬಾಯಿತುಂಬ ಬೈದಳು. ನಸ್ರೀನ್ ಬಸ್ ಸ್ಟ್ಯಾಂಡಿಗೆ ಬಂದು ಬಸ್ಸಿನಲ್ಲಿ ಕೂತಿದ್ದ ನನ್ನ ತೊಡೆಯ ಮೇಲೆ ಒಂದು ಚೀಲ ಕೆಂಪು ಬಾಳೆಹಣ್ಣು ಇಟ್ಟಳು. “ರವಿವಾರ ಬರ್ತೀರಲ್ಲ ಆಪಾ?” ಎಂದಳು. “ತಪ್ಪದ ಬರ್ತೀನಿ” ಎಂದೆ. ಮೊದಲ ರವಿವಾರ ಯಾರದೋ ನಿಶ್ಚಿತಾರ್ಥ. ಎರಡನೆಯ ರವಿವಾರ ಬಿಸಿಲು. ಮೂರನೆಯದಕ್ಕೆ ನಾಚಿಕೆಯಾಗತೊಡಗಿತು, ಆಮೇಲೆ ನಾಚಿಕೆ ದೊಡ್ಡದಾಗುತ್ತ ಹೋಯಿತು. ಬೀದರಿನ ಕಡೆ ಮದುವೆಗೆ ಹೋಗುವಾಗ ಕಮಲಾಪುರ ಬಂದರೆ ಕಿಟಕಿಯಿಂದ ಮುಖ ಈ ಕಡೆ ತಿರುಗಿಸಿಕೊಂಡು ಕೂರುತ್ತಿದ್ದೆ.

ಪೂಜಾ ಆ ಗುಂಡಿ ಒತ್ತಿದ ಮರುದಿನ ನಾನು ಕಮಲಾಪುರದ ಬಸ್ಸು ಹತ್ತಿದೆ. ಯಾಕೆ ಅಂದೇ ಹೊರಟೆ ಎಂದು ನನಗೂ ಸರಿಯಾಗಿ ಗೊತ್ತಿಲ್ಲ. ಇನ್ನೂ ತಡ ಮಾಡಿದರೆ ಹೋಗುವುದೇ ಇಲ್ಲ ಅನ್ನಿಸಿತು.

ಓಣಿಗೆ ಸಿಮೆಂಟು ಬಂದಿದೆ. ತಗಡಿನ ಖೋಲಿಯ ಜಾಗದಲ್ಲಿ ಮಾಳಿಗೆಯೆದ್ದಿದೆ. ಬಾಗಿಲಲ್ಲಿ ಕೂತು ಮೆಂತ್ಯೆ ಸೋಸುತ್ತಿದ್ದವಳು ತಲೆಯೆತ್ತಿ ನನ್ನನ್ನು ನೋಡಿದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಕಣ್ಣಿಗೆ ಚಾಳೀಸಿನ ಕನ್ನಡಕ ಬಂದಿತ್ತು. “ಅಲ್ಲಾ, ಆಪಾ!” ಎಂದು ಎದ್ದು ಬಂದು ಎರಡೂ ಕೈ ಹಿಡಿದಳು. ಅಷ್ಟು ಸಂತೋಷಕ್ಕೆ ನಾನು ತಯಾರಾಗಿ ಬಂದಿರಲಿಲ್ಲ. ಬೈಯುತ್ತಾಳೆ ಎಂದುಕೊಂಡು ಬಂದಿದ್ದೆ.

ಖಾಲಾ ತೀರಿಕೊಂಡು ಹತ್ತು ವರ್ಷವಾಯಿತಂತೆ. ಶರಣಮ್ಮ ಮಗಳ ಊರಿಗೆ ಹೋಗಿದ್ದಾಳೆ. ಚಹಾ ಬಂತು, ಬಾಳೆಹಣ್ಣು ಬಂತು. ಅರ್ಧ ತಾಸು ಆ ಮಾತು ಈ ಮಾತು ಆಡಿದ ಮೇಲೆ ಕೇಳಿದೆ, “ಆ ಪರೀಕ್ಷಿ ಏನಾಯ್ತು ನಸ್ರೀನ್?”

“ಹೋಗಿದ್ದೆ” ಎಂದಳು. “ಒಂದ ಕಾಗದ ಕೊಟ್ಟರು. ಮದಲನೇ ಶಬ್ದ ಓದದೆ ಆಪಾ, ಖರೇನ ಓದದೆ. ಎರಡನೇದೂ ಓದದೆ. ಮೂರನೇದು ಕೂಡಸಾಕತ್ತಿದ್ದೆ, ಮೇಡಂ ಘಡಿಯಾಳ ನೋಡಿದ್ರು. ಸಾಕಮ್ಮ ಅಂದ್ರು.”

“ಆಮ್ಯಾಲ ಮತ್ತ ಓದಲಿಲ್ಲ?”

“ನೀವು ಹೋದ ಮರುದಿನ ಶರಣಮ್ಮಕ್ಕ ಕೇಳಿದ್ರು, ಆವಾಜ್ ಬಂದ್ ಮಾಡೇ ಇಡಮು ಏನವ್ವ ಅಂತ. ನಾ ಹತ್ತ ಹದಿನೈದ ದಿನ ಬಂದ್ ಇಡರಿ ಅಂದೆ. ನಾ ಓದಿದ್ದ ಖರೇನೋ ಸುಳ್ಳೋ ಹೇಳಾವರು ಯಾರೂ ಇರಲಿಲ್ಲ. ಆಮ್ಯಾಲ ನಾನೇ ಹಚ್ಚರಿ ಅಂದೆ.” ಮೆಂತ್ಯೆಯ ಕಡ್ಡಿಗಳನ್ನು ಒಂದು ಕಡೆ ಸರಿಸಿದಳು. “ಇನ್ನ ಒಂದೆರಡ ತಿಂಗಳ ನೀವು ಇದ್ದಿದ್ರ ಓದ್ತಿದ್ದೆ. ಹೋಗಲಿ ಬಿಡ್ರಿ. ಸರ್ಕಾರ ನಿಮಗ ಕಳಸ್ತು, ನೀವರೆ ಏನ್ ಮಾಡ್ತೀರಿ?”

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಇಪ್ಪತ್ತು ವರ್ಷ ಆಕೆ ನನ್ನನ್ನು ಹಾಗೆ ನಂಬಿಕೊಂಡೇ ಇದ್ದಳು, ಮುಂದೆಯೂ ಇರುತ್ತಿದ್ದಳು. ಹೇಳದೆ ಕೂರಲು ನನಗಾಗಲಿಲ್ಲ.

“ಸರ್ಕಾರ ಕಳಸಿದ್ದಲ್ಲ ನಸ್ರೀನ್. ನಾನೇ ಅರ್ಜಿ ಹಾಕಿದ್ದೆ. ಹೆಡ್ ಮಾಸ್ತರರು ಏಪ್ರಿಲ್ ತನಕ ಇಟ್ಕೋತೀನಿ ಅಂದಿದ್ರು. ನಿನ್ನ ಪರೀಕ್ಷಿ ನೆನಪಿತ್ತು. ನಾನೇ ಒಲ್ಲೆ ಅಂದೆ.”

ಆಕೆ ನನ್ನನ್ನು ನೋಡಲಿಲ್ಲ. ಸೋಸಿದ ಎಲೆಯನ್ನೇ ಮತ್ತೆ ಎತ್ತಿಕೊಂಡು ಮತ್ತೆ ಸೋಸಿದಳು. ಆಮೇಲೆ ಎದ್ದು ನನ್ನ ಚಹಾದ ಲೋಟ ತೆಗೆದುಕೊಂಡು ಒಳಗೆ ಹೋದಳು. ನೀರು ಬಿಟ್ಟ ಸದ್ದು ಬಹಳ ಹೊತ್ತು ಕೇಳಿತು. ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದಳು.

“ಐದಕ್ಕ ಒಂದ ಬಸ್ ಅದ ಆಪಾ” ಎಂದಳು. “ಅದು ಹೋದ್ರ ಏಳರ ತನಕ ಇಲ್ಲ.”

ಆಗ ನಾಲ್ಕೂವರೆ ಆಗಿತ್ತು. ನಾನು ಎದ್ದೆ, ಬಾಗಿಲಿಗೆ ಬಂದೆ. ಏಳರ ಬಸ್ಸಿಗೇ ಹೋಗ್ರಿ ಎಂದು ಒಂದು ಮಾತು ಬಂದೀತೇನೋ ಎಂದು ಚಪ್ಪಲಿ ಹಾಕಿಕೊಳ್ಳುವುದನ್ನು ಎಷ್ಟು ನಿಧಾನ ಮಾಡಬಹುದೋ ಅಷ್ಟು ನಿಧಾನ ಮಾಡಿದೆ.